ಬೆಟ್ಟದ ಹಳ್ಳಿಯಲ್ಲಿ ಸೇವೆಗಿರುವ ಮಗಳನ್ನು ನೋಡಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

ಮಗನೋ ಮಗಳೋ ದೂರದ ಬೆಟ್ಟದ ಹಳ್ಳಿಯೊಂದರಲ್ಲಿ ಸ್ವಯಂಸೇವೆಗೆ ಸೇರಿ ತಿಂಗಳುಗಳಾಗಿವೆ. ಫೋನ್ ಮಾಡಿದರೆ ಮಾತು ಅರ್ಧಕ್ಕೇ ಕಟ್ ಆಗುತ್ತದೆ. ಫೋಟೋದಲ್ಲಿ ಮುಖ ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ಒಂದು ಸಲ ಹೋಗಿ ಕಣ್ಣಾರೆ ನೋಡಿ ಬರೋಣ ಅನ್ನಿಸುವುದು ಸಹಜ. ಹೀಗೆ ಹೊರಡುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಹೇಗೆ ಹೋಗುವುದು, ಏನು ಒಯ್ಯುವುದು, ಅಲ್ಲಿ ಹೇಗಿರುವುದು?

ಇದರಲ್ಲಿ ಏನು ಒಯ್ಯುವುದು ಅನ್ನುವುದೇ ಅತಿ ಸುಲಭದ ಪ್ರಶ್ನೆ. ಇಂಥ ಪ್ರಯಾಣ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಅವಸರದಲ್ಲಿ ಮೇಲೆ ಹತ್ತುವುದು. ಇನ್ನೊಂದು, ಅತಿಥಿಯಾಗಿ ಹೋಗದೆ ತಪಾಸಣೆಗೆ ಬಂದವರ ಹಾಗೆ ಹೋಗುವುದು. ಅದಕ್ಕೇ ಈ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬರೆಯಲು ಅನುಕೂಲ ಅಂತ ಉದ್ದಕ್ಕೂ ‘ಮಗಳು’ ಅಂದಿದ್ದೇನೆ. ಮಗನಾದರೂ ವಿಷಯ ಅದೇ.

1. ಟಿಕೆಟ್‌ಗಿಂತ ಮೊದಲು ಮಗಳನ್ನು ಕೇಳಿ

‘ಹೇಳದೇ ಹೋಗಿ ಖುಷಿಪಡಿಸೋಣ’ ಅನ್ನುವ ಯೋಚನೆ ಇದ್ದರೆ ಈಗಲೇ ಕೈಬಿಡಿ. ಅವಳು ಅಲ್ಲಿ ಯಾರದ್ದೋ ಮನೆಯಲ್ಲಿ ಉಳಿದಿರುತ್ತಾಳೆ, ಇಲ್ಲವೇ ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ. ನೀರು, ಸೌದೆ, ದಿನಸಿ ಎಲ್ಲವನ್ನೂ ಯಾರಾದರೂ ಬೆನ್ನ ಮೇಲೆ ಹೊತ್ತೇ ತರಬೇಕಾದ ಜಾಗದಲ್ಲಿ ಇಬ್ಬರು ಹೆಚ್ಚಾದರೂ ಅದು ದೊಡ್ಡ ಲೆಕ್ಕವೇ.

‘ಯಾವಾಗ ಬರಲಿ?’ ಅಂತ ಕೇಳಬೇಡಿ. ‘ಯಾವಾಗ ಬೇಕಾದ್ರೂ ಬನ್ನಿ’ ಅಂತಾಳೆ. ‘ಯಾವಾಗ ಬರಬಾರದು?’ ಅಂತ ಕೇಳಿ. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುವ ತಿಂಗಳುಗಳಿರುತ್ತವೆ. ಹಿಮ ಬಿದ್ದು ಘಾಟಿ ದಾರಿ ಬಂದ್ ಆಗುವ ತಿಂಗಳುಗಳಿರುತ್ತವೆ. ಊರಿಗೆ ಊರೇ ಹೊಲದಲ್ಲಿರುವ ಬಿತ್ತನೆ, ಕೊಯ್ಲಿನ ವಾರಗಳಿರುತ್ತವೆ. ಅವಳು ಪಾಠ ಮಾಡುತ್ತಿದ್ದರೆ ಪರೀಕ್ಷೆಯ ದಿನಗಳೂ ಇರುತ್ತವೆ. ಇವನ್ನೆಲ್ಲ ಬಿಟ್ಟು ಉಳಿದದ್ದರಲ್ಲಿ ಆರಿಸಿಕೊಳ್ಳಿ. ಅವಳು ಹೋದ ಮೊದಲ ಮೂರ್ನಾಲ್ಕು ತಿಂಗಳೂ ಬೇಡ. ಭಾಷೆ ಕಲಿತು, ಜನರ ಗುರುತಾಗಿ, ಅವಳು ಅಲ್ಲಿ ಕಾಲೂರುವ ಹೊತ್ತು ಅದು. ಆಗ ಮನೆಯವರು ಬಂದು ಹೋದರೆ, ಹಿಂದೆ ಉಳಿಯುವವಳಿಗೆ ಕಷ್ಟ ಜಾಸ್ತಿ.

ಅವಳ ಸಂಸ್ಥೆಯ ನಿಯಮಗಳನ್ನೂ ತಿಳಿದುಕೊಳ್ಳಿ. ಅತಿಥಿಗಳು ಎಲ್ಲಿ ಉಳಿಯಬಹುದು, ಅವಳಿಗೆ ಎಷ್ಟು ದಿನ ರಜೆ ಸಿಗುತ್ತದೆ, ಕೆಲಸದ ಜಾಗ ಬಿಟ್ಟು ನಿಮ್ಮನ್ನು ಕರೆದೊಯ್ಯಲು ಕೆಳಗೆ ಬರಬಹುದೇ, ಮಕ್ಕಳ ಫೋಟೋ ತೆಗೆಯಬಹುದೇ. ಇದನ್ನು ವಿಚಾರಿಸುವ ಕೆಲಸ ಅವಳದ್ದು. ನೀವೇ ಕಚೇರಿಗೆ ಫೋನ್ ಹಚ್ಚಿದರೆ, ವಯಸ್ಸಿಗೆ ಬಂದ ಮೇಲೂ ಅಪ್ಪ ಅಮ್ಮನನ್ನು ಮುಂದೆ ಬಿಡುವವಳು ಅನ್ನುವ ಹೆಸರು ಅವಳಿಗೆ ಬರುತ್ತದೆ.

ಎಷ್ಟು ದಿನ ಇರಬೇಕು? ಹಳ್ಳಿಯಲ್ಲಿ ನಾಲ್ಕೈದು ರಾತ್ರಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೊದಲ ದಿನ ಸುಸ್ತು, ಎರಡನೇ ದಿನ ಪರಿಚಯ, ಮೂರು ನಾಲ್ಕನೇ ದಿನ ನಿಜವಾದ ಮಾತುಕತೆ. ಅದಕ್ಕಿಂತ ಹೆಚ್ಚು ಉಳಿದರೆ ಮನೆಯವರ ದಿನಚರಿ ಪೂರ್ತಿ ನಿಮ್ಮ ಸುತ್ತಲೇ ತಿರುಗತೊಡಗುತ್ತದೆ. ಇನ್ನೂ ದಿನಗಳು ಕೈಲಿದ್ದರೆ ಅವನ್ನು ದಾರಿಗೆ ಕೊಡಿ.

2. ಕಾಗದಪತ್ರ, ವಿಮೆ

ಹಳ್ಳಿ ಗಡಿಯ ಹತ್ತಿರವಿದ್ದರೆ ಪ್ರತ್ಯೇಕ ಪರವಾನಗಿ ಬೇಕಾಗಬಹುದು. ಮಗಳಿಗೆ ಅದು ಇದೆ ಅಂದ ಮಾತ್ರಕ್ಕೆ ನಿಮಗೂ ಇದೆ ಅಂತಲ್ಲ. ಬೇರೆ ದೇಶವಾದರೆ ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಬಾಕಿ ಇರಬೇಕು ಅನ್ನುವ ದೇಶಗಳು ಬಹಳ. ಎಲ್ಲದರ ನಾಲ್ಕೈದು ಜೆರಾಕ್ಸ್ ಮತ್ತು ಕೆಲವು ಫೋಟೋ ಜೊತೆಗಿರಲಿ. ಚೆಕ್‌ಪೋಸ್ಟ್‌ನಲ್ಲಿ ಜೆರಾಕ್ಸ್ ಮಷಿನ್ ಇರುವುದಿಲ್ಲ.

ಪ್ರವಾಸಿ ವೀಸಾದಲ್ಲಿ ಹೋಗಿ ‘ಸುಮ್ನೆ ಕೂರೋದ್ಯಾಕೆ, ನಾನೂ ನಾಲ್ಕು ದಿನ ಪಾಠ ಮಾಡ್ತೀನಿ’ ಅಂತಲೋ, ‘ನಾನೂ ನರ್ಸ್ ತಾನೇ’ ಅಂತಲೋ ಕೆಲಸಕ್ಕೆ ಇಳಿಯಬೇಡಿ. ಸಂಬಳ ಇಲ್ಲದಿದ್ದರೂ ಅದನ್ನು ಕೆಲಸ ಅಂತಲೇ ಲೆಕ್ಕ ಹಿಡಿಯುವ ದೇಶಗಳಿವೆ. ತೊಂದರೆ ಬರುವುದು ನಿಮಗಷ್ಟೇ ಅಲ್ಲ, ಮಗಳ ಸಂಸ್ಥೆಗೂ.

ಪ್ರಯಾಣ ವಿಮೆ ಮಾಡಿಸುವಾಗ ಮೂರು ವಿಷಯ ಹುಡುಕಿ. ಎಷ್ಟು ಮೀಟರ್ ಎತ್ತರದವರೆಗೆ ವಿಮೆ ಅನ್ವಯ? ಹೆಲಿಕಾಪ್ಟರಿನಲ್ಲಿ ಕೆಳಗೆ ಸಾಗಿಸುವ ಖರ್ಚು ಸೇರಿದೆಯೇ? ನಿಮಗೆ ಮೊದಲೇ ಇರುವ ಕಾಯಿಲೆಗಳನ್ನು ಒಪ್ಪುತ್ತದೆಯೇ? ಎತ್ತರದ ಮಿತಿ ಹೆಚ್ಚಾಗಿ ಸಣ್ಣ ಅಕ್ಷರದಲ್ಲಿ, ಕೊನೆಯ ಪುಟದಲ್ಲಿ ಇರುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಟ್ಟು ಕಂತು ಉಳಿಸಲು ಹೋಗಬೇಡಿ.

3. ವೈದ್ಯರು, ಹಲ್ಲು, ಮಂಡಿ

ಹೊರಡುವುದಕ್ಕೆ ಕನಿಷ್ಠ 4ರಿಂದ 6 ವಾರ ಮೊದಲು ವೈದ್ಯರನ್ನು ಕಾಣಿ. ಲಸಿಕೆ ಬೇಕಾದರೆ ಅದು ಕೆಲಸ ಮಾಡಲು ಸಮಯ ಬೇಕು. ‘ಬೆಟ್ಟಕ್ಕೆ ಹೋಗ್ತಿದ್ದೀನಿ’ ಅಂದರೆ ಸಾಲದು. ಎಷ್ಟು ಮೀಟರ್ ಎತ್ತರದಲ್ಲಿ ಮಲಗುತ್ತೀರಿ, ಅಲ್ಲಿಂದ ಆಸ್ಪತ್ರೆ ಎಷ್ಟು ಗಂಟೆ ದೂರ ಅನ್ನುವುದನ್ನು ಬರೆದುಕೊಂಡು ಹೋಗಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ವೈದ್ಯರು ಬೇಡ ಅನ್ನಬಹುದು. ಅಂದರೆ ಕೇಳಿ. ಮಗಳನ್ನು ಕೆಳಗಿನ ಪೇಟೆಗೆ ಕರೆಸಿಕೊಂಡು ನಾಲ್ಕು ದಿನ ಜೊತೆಗಿದ್ದರೂ ಅದು ಭೇಟಿಯೇ.

ದಿನದ ಮಾತ್ರೆಗಳನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇಟ್ಟುಕೊಳ್ಳಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಒಂದು ವಾರದಷ್ಟು ಜಾಸ್ತಿ ಇರಲಿ. ಅರ್ಧ ಒಂದು ಚೀಲದಲ್ಲಿ, ಅರ್ಧ ಇನ್ನೊಂದರಲ್ಲಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಇಲ್ಲಿ ಎಚ್ಚರ: ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ಚಳಿಯಲ್ಲಿ ಅದನ್ನು ಒಳಗಿನ ಜೇಬಿನಲ್ಲಿ, ಮೈಗೆ ತಾಗಿದಂತೆ ಇಟ್ಟುಕೊಳ್ಳಬೇಕು. ಸಕ್ಕರೆ ನೋಡುವ ಯಂತ್ರವೂ ಚಳಿಯಲ್ಲಿ, ಎತ್ತರದಲ್ಲಿ ತಪ್ಪು ಸಂಖ್ಯೆ ತೋರಿಸಬಹುದು.

ಹಲ್ಲು ನೋವಿನ ಸುಳಿವಿದ್ದರೆ ಹೊರಡುವ ಮೊದಲೇ ಸರಿಮಾಡಿಸಿ. ಅಲ್ಲಿ ದಂತವೈದ್ಯರು ಸಿಗುವುದಿಲ್ಲ.

ಇನ್ನು ಮಂಡಿ. ಜನ ಹತ್ತುವುದಕ್ಕೆ ಹೆದರುತ್ತಾರೆ, ಮಂಡಿ ಹಾಳಾಗುವುದು ಇಳಿಯುವಾಗ. ಎರಡು ತಿಂಗಳ ಮೊದಲೇ ದಿನಾ ಮೆಟ್ಟಿಲು ಹತ್ತಿ ಇಳಿಯಿರಿ. ಕೊನೆಯ ವಾರಗಳಲ್ಲಿ ಬೆನ್ನಿಗೆ ನಾಲ್ಕೈದು ಕೆಜಿ ಚೀಲ ಹಾಕಿಕೊಂಡು ಬೆಟ್ಟಕ್ಕೆ ಹಾಕುವ ಶೂನಲ್ಲೇ ಮಾಡಿ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಹೋದವರ ಕಾಲ ಬೊಬ್ಬೆಗೆ ಮದ್ದಿಲ್ಲ.

4. ದಾರಿಗೆ ದಿನ ಕೊಡಿ

ಇಂಥ ಹಳ್ಳಿಗೆ ಹೋಗುವುದು ಸಾಮಾನ್ಯವಾಗಿ ಮೂರು ತುಂಡಿನ ಪ್ರಯಾಣ: ದೊಡ್ಡ ಊರಿನವರೆಗೆ ವಿಮಾನ ಅಥವಾ ರೈಲು, ಅಲ್ಲಿಂದ ರಸ್ತೆ ಮುಗಿಯುವವರೆಗೆ ಬಸ್ಸೋ ಜೀಪೋ, ಆಮೇಲೆ ನಡಿಗೆ. ಕೆಡುವುದು ಯಾವಾಗಲೂ ನಡುವಿನ ತುಂಡು. ಗುಡ್ಡ ಕುಸಿತ, ಪಂಕ್ಚರ್, ಜನ ತುಂಬುವವರೆಗೆ ಹೊರಡದ ಜೀಪು. ಹೋಗುವಾಗ ಒಂದು ದಿನ, ಬರುವಾಗ ಎರಡು ದಿನ ಖಾಲಿ ಬಿಟ್ಟುಕೊಳ್ಳಿ. ಬರುವಾಗ ಯಾಕೆ ಎರಡು ಅಂದರೆ, ಅಲ್ಲಿ ತಪ್ಪುವುದು ದೊಡ್ಡ ವಿಮಾನ. ಬೆಟ್ಟದ ಸಣ್ಣ ವಿಮಾನಗಳಾದರೆ ಬೆಳಗಿನ ಹೊತ್ತೇ ಹಾರುವುದು ಜಾಸ್ತಿ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಮೋಡ ಕವಿಯುತ್ತದೆ. ಅದಕ್ಕೇ ಒಂದೇ ದಿನ ಎರಡು ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ.

ನಡಿಗೆಯ ಲೆಕ್ಕ ಹಾಕುವಾಗ ಮಗಳ ಮಾತನ್ನು ನಂಬಬೇಡಿ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ತಿಂಗಳುಗಟ್ಟಲೆ ಅಲ್ಲಿದ್ದವಳ ಶ್ವಾಸಕೋಶ, ಕಾಲು ಎರಡೂ ಬದಲಾಗಿರುತ್ತವೆ. ‘ಇಲ್ಲೇ ಹತ್ತಿರ ಅಮ್ಮ, ಅರ್ಧ ಗಂಟೆ ಅಷ್ಟೇ’ ಅಂದರೆ ಅದು ಅವಳ ಅರ್ಧ ಗಂಟೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಒಂದು ಸರಳ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಹತ್ತುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ 2 ಗಂಟೆಗೆ ಸ್ವಲ್ಪ ಮೇಲೆ. ಆದರೆ ಇದು ಗಟ್ಟಿಮುಟ್ಟಾದವರ, ಎಲ್ಲೂ ಕೂರದ ಲೆಕ್ಕ. ಎತ್ತರದ ಜಾಗದಲ್ಲಿ, ನಮ್ಮ ವಯಸ್ಸಿಗೆ ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ತಲುಪುವ ಹಾಗಿರಲಿ.

ಸಂಪರ್ಕದ ಬಗ್ಗೆ ಒಂದು ಒಪ್ಪಂದ ಮಾಡಿಕೊಳ್ಳಿ. ಸಿಗ್ನಲ್ ಕೊನೆಯದಾಗಿ ಎಲ್ಲಿ ಸಿಗುತ್ತದೆ ಅಂತ ಮಗಳನ್ನು ಕೇಳಿ, ಅಲ್ಲಿಂದ ಮನೆಯವರಿಗೆ ಒಂದು ಮೆಸೇಜ್ ಹಾಕಿ. ‘ಇಂಥ ದಿನ ಸಂಜೆಯವರೆಗೆ ಸುದ್ದಿ ಬರದಿದ್ದರೆ ಮಾತ್ರ ಇಂಥವರಿಗೆ ಫೋನ್ ಮಾಡಿ’ ಅಂತ ಹೇಳಿ ಹೋದರೆ ಮನೆಯಲ್ಲಿ ಉಳಿದವರಿಗೂ ನೆಮ್ಮದಿ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಸ್ಯಾಟಲೈಟ್ ಫೋನ್ ಒಯ್ಯುವ ಆಲೋಚನೆ ಇದ್ದರೆ ಆ ದೇಶದ ಕಾನೂನು ನೋಡಿಕೊಳ್ಳಿ. ಅನುಮತಿ ಇಲ್ಲದೆ ಅದನ್ನು ಹತ್ತಿರ ಇಟ್ಟುಕೊಳ್ಳುವುದೇ ಅಪರಾಧವಾಗಿರುವ ದೇಶಗಳಿವೆ, ಭಾರತವೂ ಅದರಲ್ಲೊಂದು.

5. ಎತ್ತರ: ಇಲ್ಲಿ ಅವಸರ ಬೇಡವೇ ಬೇಡ

ಹಳ್ಳಿ 2500 ಮೀಟರ್‌ಗಿಂತ ಕೆಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಈ ಭಾಗ ದಾಟಿ ಮುಂದೆ ಹೋಗಬಹುದು. ಮೇಲಿದ್ದರೆ ನಿಧಾನವಾಗಿ ಓದಿ.

ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ, ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. 3500 ಮೀಟರ್‌ನಲ್ಲಿ ಸಿಗುವುದು ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಭಾಗ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳನ್ನು ಕೇಳುತ್ತದೆ. ಈ ಹೊಂದಿಕೊಳ್ಳುವಿಕೆಗೇ ಅಕ್ಲಿಮಟೈಸೇಷನ್ ಅನ್ನುತ್ತಾರೆ. ದಿನ ಕೊಡದೆ ಹತ್ತಿದರೆ ಬರುವುದು ಎತ್ತರದ ಕಾಯಿಲೆ. ಎಎಂಎಸ್ ಅಂತ ಕೇಳಿದರೆ ಅದು ಇದೇ.

ನಿಯಮ ಸರಳ. 3000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ಹಗಲು ಎತ್ತರಕ್ಕೆ ಹೋಗಿ ಬಂದರೆ ಪರವಾಗಿಲ್ಲ, ಲೆಕ್ಕ ಮಲಗುವ ಎತ್ತರದ್ದು. ನೇರವಾಗಿ ವಿಮಾನದಲ್ಲಿ ಎತ್ತರದ ಊರಿಗೆ ಇಳಿಯುವವರು ಇನ್ನೂ ಹುಷಾರಾಗಿರಬೇಕು. ಲೇಹ್ ಸುಮಾರು 3500 ಮೀಟರ್, ಪೆರುವಿನ ಕುಸ್ಕೊ ಸುಮಾರು 3400. ಅಲ್ಲಿ ಇಳಿದ ಮೇಲೆ ಮೊದಲ ಎರಡು ದಿನ ಏನೂ ಮಾಡಬೇಡಿ. ಉಣ್ಣಿ, ಮಲಗಿ, ಬೀದಿಯ ತುದಿಯವರೆಗೆ ನಡೆದು ಬನ್ನಿ, ಅಷ್ಟೇ.

ನನ್ನನ್ನು ಕೇಳಿದರೆ, ಮಗಳನ್ನು ಮೊದಲು ಭೇಟಿಯಾಗಬೇಕಾದ್ದು ಹಳ್ಳಿಯಲ್ಲಲ್ಲ, ದಾರಿ ನಡುವೆ ನೀವು ಹೀಗೆ ನಿಲ್ಲುವ ಪೇಟೆಯಲ್ಲಿ. ಅವಳಿಗೆ ಎರಡು ದಿನ ರಜೆ ಸಿಗುವ ಹಾಗಿದ್ದರೆ ಕೆಳಗೆ ಬರಲು ಹೇಳಿ. ನಿಮ್ಮ ದೇಹ ಎತ್ತರಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಅವಳು ಬಿಸಿನೀರು ಸುರಿದುಕೊಂಡು ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡು, ಮಧ್ಯಾಹ್ನದವರೆಗೆ ನಿದ್ದೆ ಮಾಡುತ್ತಾಳೆ. ಅಳುವುದು, ತಬ್ಬಿಕೊಳ್ಳುವುದು, ‘ಎಷ್ಟು ಸಣ್ಣಗಾಗಿದ್ದೀಯೇ’ ಅನ್ನುವುದು ಎಲ್ಲ ಅಲ್ಲೇ ಮುಗಿಯುತ್ತದೆ. ಹಳ್ಳಿಯ ಜನ ಸುತ್ತ ನಿಂತು ನೋಡುತ್ತಿರುವಾಗ ಅದನ್ನೆಲ್ಲ ಮಾಡುವುದು ಅವಳಿಗೆ ಮುಜುಗರ.

ಕಾಯಿಲೆಯ ಗುರುತು ಹೀಗೆ. ತಲುಪಿದ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ತಲೆನೋವು, ಅದರ ಜೊತೆ ವಾಕರಿಕೆ, ಊಟ ಸೇರದಿರುವುದು, ತಲೆ ಸುತ್ತು, ವಿಪರೀತ ಸುಸ್ತು. ‘ಪ್ರಯಾಣದ ಆಯಾಸ ಇರಬೇಕು’ ಅಂತ ತಳ್ಳಿಹಾಕುವುದೇ ಎಲ್ಲರೂ ಬೀಳುವ ಗುಂಡಿ. ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಗೊತ್ತಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಸೌಮ್ಯವಾಗಿದ್ದರೆ ಅಲ್ಲೇ ನಿಂತು ವಿಶ್ರಾಂತಿ. ಕಡಿಮೆಯಾಗುವವರೆಗೆ ಒಂದು ಹೆಜ್ಜೆಯೂ ಮೇಲಕ್ಕೆ ಬೇಡ. ಹೆಚ್ಚಾಗುತ್ತಿದ್ದರೆ ಕೆಳಗಿಳಿಯಿರಿ.

ಕಾಯಬಾರದ ಗುರುತುಗಳು ಎರಡು. ಸುಮ್ಮನೆ ಕೂತಿದ್ದರೂ ಏದುಸಿರು, ನಿಲ್ಲದ ಕೆಮ್ಮು, ನೊರೆಯಂಥ ಕಫ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಮಾತು ತೊದಲುವುದು, ಗೊಂದಲ, ನಡಿಗೆ ಓಲಾಡುವುದು ಇದ್ದರೆ ಮಿದುಳು ಊದಿಕೊಳ್ಳುತ್ತಿದೆ. ಎರಡನೆಯದನ್ನು ಪರೀಕ್ಷಿಸುವುದು ಸುಲಭ: ನೆಲದ ಮೇಲೆ ಒಂದು ಗೆರೆ ನೆನೆಸಿಕೊಂಡು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿ. ಆಗದಿದ್ದರೆ ರಾತ್ರಿಯಾದರೂ ಸರಿ, ಜೊತೆಗೆ ಜನ ಕರೆದುಕೊಂಡು ಕೆಳಗಿಳಿಸಲೇಬೇಕು. ಬೆಳಗಾಗಲಿ ಅಂತ ಕಾದರೆ ಪ್ರಾಣಕ್ಕೆ ಅಪಾಯ.

ಎತ್ತರದ ಕಾಯಿಲೆ ಬಾರದಿರಲಿ ಅಂತ ಕೊಡುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದರ ಮೂಲ ಹೆಸರು ಅಸಿಟಾಜೋಲಮೈಡ್. ಸಾಮಾನ್ಯವಾಗಿ ಹತ್ತುವ ಹಿಂದಿನ ದಿನದಿಂದ, 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ನಿಮಗೆ ಬೇಕೋ ಬೇಡವೋ, ಎಷ್ಟು ಬೇಕು ಅನ್ನುವುದನ್ನು ವೈದ್ಯರೇ ಹೇಳಲಿ, ಅದರಲ್ಲೂ ಸಲ್ಫಾ ಔಷಧಿಗಳ ಅಲರ್ಜಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ. ಬೆರಳ ತುದಿ ಜುಂ ಅನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರಿಂದ ಮಾಮೂಲು. ಮಾತ್ರೆ ತೆಗೆದುಕೊಂಡಿದ್ದೇನೆ ಅಂತ ಒಂದೇ ದಿನ ಸಾವಿರ ಮೀಟರ್ ಹತ್ತುವುದು ಮಾತ್ರ ಬೇಡ.

ಮದ್ಯ, ನಿದ್ದೆ ಮಾತ್ರೆ ಎರಡೂ ದೂರವಿರಲಿ. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಗಂಟೆಗೊಮ್ಮೆ ನೋಡುತ್ತ ಕೂರಬೇಡಿ. ಮನೆಯಲ್ಲಿ ಗಾಬರಿ ಹುಟ್ಟಿಸುವ ಸಂಖ್ಯೆ ಆ ಎತ್ತರದಲ್ಲಿ ಸಹಜವಾಗಿರಬಹುದು. ಸಂಖ್ಯೆಗಿಂತ ನಿಮಗೆ ಹೇಗನ್ನಿಸುತ್ತಿದೆ ಅನ್ನುವುದೇ ಮುಖ್ಯ. ‘ನಾನು ದಿನಾ ವಾಕಿಂಗ್ ಮಾಡ್ತೀನಿ, ನನಗೇನಾಗಲ್ಲ’ ಅನ್ನುವವರಿಗೆ ಒಂದು ಮಾತು: ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ. ಅವರು ಬೇಗ ಹತ್ತುವುದರಿಂದ ಅವರಿಗೇ ಬರುವುದೂ ಉಂಟು.

6. ಚೀಲ

ಗಾಲಿ ಸೂಟ್‌ಕೇಸ್ ಬೇಡ. ಬೆನ್ನಿಗೆ ಹಾಕುವ ಚೀಲ, ನೀವೇ ಹೊರುವಷ್ಟು ತೂಕ. ಹೊರುವವರ ಸಹಾಯ ಪಡೆದರೆ ಕೂಲಿಯನ್ನೂ ತೂಕವನ್ನೂ ಮೊದಲೇ ಮಾತಾಡಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ಮೂರು ಪದರ ವಾಸಿ: ಬೆವರು ಹೀರಿ ಬೇಗ ಒಣಗುವ ಒಳಬಟ್ಟೆ, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಒಳಗೆ ಹತ್ತಿ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಪ್ರತಿ 1000 ಮೀಟರ್‌ಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅನ್ನುವುದು ನೆನಪಿದ್ದರೆ ಎಷ್ಟು ಬೇಕು ಅನ್ನುವ ಅಂದಾಜು ನಿಮಗೇ ಸಿಗುತ್ತದೆ. ಚಳಿ ಇದೆ ಅಂತ ಬಿಸಿಲನ್ನು ಮರೆಯಬೇಡಿ. ಚರ್ಮ ಸುಡುವ ಕಿರಣ ಪ್ರತಿ 1000 ಮೀಟರ್‌ಗೆ ಸುಮಾರು ಶೇ. 10ರಷ್ಟು ಏರುತ್ತದೆ. ಹಿಮವಿದ್ದರೆ ತಂಪು ಕನ್ನಡಕ ಇಲ್ಲದೆ ಹೊರಗೆ ಕಾಲಿಡಬೇಡಿ.

ಹಣೆಗೆ ಕಟ್ಟುವ ಟಾರ್ಚ್ ಮರೆಯಬೇಡಿ. ರಾತ್ರಿ ಶೌಚಾಲಯ ಮನೆಯಿಂದ ಐವತ್ತು ಹೆಜ್ಜೆ ದೂರ, ಕಲ್ಲುದಾರಿ, ಒಂದು ಕೈಲಿ ಚೊಂಬು ಬೇರೆ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20000 ಎಂಎಎಚ್‌ನದ್ದು ಸುಮಾರು 74, ಹಾಗಾಗಿ ಚಿಂತೆಯಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಫೋನನ್ನು ಹೊದಿಕೆಯೊಳಗೇ ಇಟ್ಟುಕೊಳ್ಳಿ. ನಗದು ಸಣ್ಣ ನೋಟುಗಳಲ್ಲಿರಲಿ. ಎಟಿಎಂ ಕೆಳಗಿನ ಪೇಟೆಯಲ್ಲೇ ಮುಗಿಯಿತು.

ನೀರನ್ನು ಕುದಿಸಿಯೇ ಕುಡಿಯಿರಿ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ. 3000 ಮೀಟರ್‌ನಲ್ಲಿ ಅದು ಕುದಿಯುವುದು ಸುಮಾರು 90 ಡಿಗ್ರಿಗೆ. ಅದಕ್ಕೇ 2000 ಮೀಟರ್ ಮೇಲೆ ಚೆನ್ನಾಗಿ ಕೊತಕೊತ ಅಂದ ಮೇಲೂ 3 ನಿಮಿಷ ಬಿಡಿ. ಶುದ್ಧಿಯ ಮಾತ್ರೆ ಬಳಸುವುದಾದರೆ ಪ್ಯಾಕೆಟ್ ಮೇಲೆ ಬರೆದ ಸಮಯ ಕಾಯಿರಿ. ಥೈರಾಯ್ಡ್ ಇರುವವರು ಅಯೋಡಿನ್ ಮಾತ್ರೆ ಬಿಟ್ಟು ಕ್ಲೋರಿನ್‌ನದ್ದು ತೆಗೆದುಕೊಳ್ಳಿ. ರಾತ್ರಿ ಅದೇ ಕುದಿಸಿದ ನೀರನ್ನು ಗಟ್ಟಿ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ ಹಾಸಿಗೆಯಲ್ಲಿಟ್ಟರೆ ಕಾಲು ಬೆಚ್ಚಗಿರುತ್ತದೆ, ಬೆಳಿಗ್ಗೆ ಕುಡಿಯಲೂ ಆಯಿತು.

ಮಗಳಿಗೆ ಏನು ಬೇಕು ಅಂತ ಕೇಳಿ, ಅವಳು ಹೇಳಿದ್ದನ್ನೇ ಒಯ್ಯಿರಿ. ಹೇಳಿದ್ದರ ಮೂರು ಪಟ್ಟು ಅಲ್ಲ.

7. ಹಳ್ಳಿಯಲ್ಲಿ

ಅಲ್ಲಿ ನಿಮ್ಮ ಹೆಸರು ಯಾರಿಗೂ ಬೇಡ. ನೀವು ‘ಅವಳ ಅಮ್ಮ’, ‘ಅವಳ ಅಪ್ಪ’. ನಿಮ್ಮ ನಡವಳಿಕೆಯೆಲ್ಲ ನೀವು ಹೊರಟ ಮೇಲೆ ಅವಳ ಲೆಕ್ಕಕ್ಕೇ ಬರುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹೋಗುವ ಮೊದಲೇ ಅವಳಿಂದ ಹತ್ತು ಪದ ಕಲಿಯಿರಿ: ನಮಸ್ಕಾರ, ಚೆನ್ನಾಗಿದೆ, ಸಾಕು, ಉಪಕಾರವಾಯಿತು, ಇಂಥವು. ಮನೆಯವರ ಹೆಸರು, ಅವರನ್ನು ಹೇಗೆ ಕರೆಯಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಕೂರಬಾರದು ಅನ್ನುವುದನ್ನೂ ಕೇಳಿಕೊಳ್ಳಿ. ತಟ್ಟೆಗೆ ಬಡಿಸಿದ್ದನ್ನು ಬಿಟ್ಟರೆ ತಪ್ಪೋ, ಖಾಲಿ ಮಾಡಿದರೆ ಇನ್ನೂ ಬಡಿಸುತ್ತಾರೋ, ಇದೂ ಊರಿಂದೂರಿಗೆ ಬೇರೆ.

ಮಾತುಕತೆಗೆ ಮಗಳೇ ಸೇತುವೆ. ಒಲೆ ಮುಂದೆ ಎಲ್ಲರೂ ಕೂತಿದ್ದಾಗ ನೀವು ಒಂದು ಕೇಳುತ್ತೀರಿ, ಅಜ್ಜ ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು ಕೇಳುತ್ತಾರೆ. ಎಲ್ಲವನ್ನೂ ಆಚೆಯಿಂದೀಚೆ ದಾಟಿಸುತ್ತ ಅವಳ ತಟ್ಟೆ ಆರಿ ತಣ್ಣಗಾಗಿರುತ್ತದೆ. ಅದನ್ನು ಗಮನಿಸಿ. ಸ್ವಲ್ಪ ಹೊತ್ತು ಸುಮ್ಮನಿರಿ, ಅವಳು ಉಣ್ಣಲಿ. ಮಾತಿಲ್ಲದೆಯೂ ಮಾಡುವ ಕೆಲಸ ಬೇಕಾದಷ್ಟಿರುತ್ತದೆ. ಕಾಳು ಆರಿಸಿ, ಮಗು ಎತ್ತಿಕೊಳ್ಳಿ, ಮನೆಯ ಫೋಟೋ ತೋರಿಸಿ. ಫೋನಿನಲ್ಲಿರುವುದಕ್ಕಿಂತ ಕಾಗದದ ಮೇಲೆ ತೊಳೆಸಿದ ಫೋಟೋ ಒಳ್ಳೆಯದು, ಕೈಯಿಂದ ಕೈಗೆ ಹೋಗುತ್ತದೆ.

ಉಡುಗೊರೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಜೇಬಿನಿಂದ ಚಾಕೊಲೇಟ್, ಪೆನ್ನು ತೆಗೆದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆಲ್ಲ ಹಂಚಬೇಡಿ. ನೀವು ಹೊರಟ ಮರುದಿನದಿಂದ ಆ ಮಕ್ಕಳು ಕೈಚಾಚುವುದು ಮಗಳ ಮುಂದೆ. ಉಳಿದುಕೊಂಡ ಮನೆಗೆ ಎಲ್ಲರೂ ಬಳಸುವ ಒಂದು ವಸ್ತು ಸಾಕು. ಶಾಲೆಗೆ ಏನಾದರೂ ಕೊಡಬೇಕೆಂದರೆ ಮುಖ್ಯ ಶಿಕ್ಷಕರ ಕೈಗೆ, ಮಗಳನ್ನು ಕೇಳಿಯೇ ಕೊಡಿ. ಊಟ ವಸತಿಗೆ ಹಣ ಕೊಟ್ಟರೆ ಮನೆಯವರಿಗೆ ಸಂಕೋಚವಾಗುತ್ತದೋ, ಕೊಡದಿದ್ದರೆ ಹೊರೆಯಾಗುತ್ತದೋ ಅನ್ನುವುದೂ ಅವಳಿಗೇ ಗೊತ್ತು. ಅವಳ ಮೂಲಕವೇ ತಲುಪಿಸಿ.

ಫೋಟೋಗೆ ಮೊದಲು ಕೇಳಿ. ಮಕ್ಕಳ ಮುಖ, ಊರಿನ ಹೆಸರು ಎರಡನ್ನೂ ಸೇರಿಸಿ ಎಲ್ಲೂ ಹಾಕಬೇಡಿ. ನೀವು ತಂದ ಪ್ಲಾಸ್ಟಿಕ್, ಬ್ಯಾಟರಿ, ಮಾತ್ರೆಯ ಖಾಲಿ ಸ್ಟ್ರಿಪ್ ನಿಮ್ಮ ಚೀಲದಲ್ಲೇ ವಾಪಸ್ ಹೋಗಲಿ. ಅಲ್ಲಿ ಕಸದ ಗಾಡಿ ಬರುವುದಿಲ್ಲ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಚಳಿಗೆ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮಲಗುವ ಮೊದಲು ಕೆಂಡ ಹೊರಗೆ. ಮನೆಯವರು ಪ್ರೀತಿಯಿಂದ ತಂದಿಟ್ಟರೂ ಹೊರಗೆ.

8. ಅವಳ ಬದುಕನ್ನು ನೋಡುವುದು

ಕೋಣೆಗೆ ಕಾಲಿಟ್ಟ ತಕ್ಷಣ ಕಸಬರಿಗೆ ಕೈಗೆತ್ತಿಕೊಳ್ಳಬೇಡಿ. ಹಾಸಿಗೆ ಮುಟ್ಟಿ ‘ಇದರ ಮೇಲೆ ಮಲಗ್ತೀಯಾ?’ ಅಂತ ಉದ್ಗಾರ ತೆಗೆಯಬೇಡಿ. ಶೌಚಾಲಯ ನೋಡಿ ಮುಖ ಕಿವುಚಬೇಡಿ, ಕನಿಷ್ಠ ಮನೆಯವರೆದುರು. ಅವಳ ಕೆಲಸದ ಒಂದು ಮಾಮೂಲಿ ದಿನ ಹಿಂದೆ ಕೂತು ನೋಡಿ, ಅಭಿಪ್ರಾಯ ಹೇಳದೆ. ‘ಇದನ್ನ ಹೀಗೆ ಮಾಡಿದ್ರೆ ಒಳ್ಳೇದಲ್ವಾ’ ಅನ್ನುವ ಸಲಹೆ ಮೊದಲ ಮೂರು ದಿನ ಗಂಟಲಲ್ಲೇ ಇರಲಿ. ಅಷ್ಟರಲ್ಲಿ ಅದು ಯಾಕೆ ಹಾಗಿದೆ ಅಂತ ಹೆಚ್ಚಾಗಿ ನಿಮಗೇ ಗೊತ್ತಾಗುತ್ತದೆ.

ಹಾಗಂತ ಕಣ್ಣು ಮುಚ್ಚಿಕೊಳ್ಳಿ ಅಂತಲ್ಲ. ಸಣ್ಣಗಾಗಿರುವುದು, ಕೈ ಒಡೆದಿರುವುದು, ಕೂದಲು ಜಿಡ್ಡಾಗಿರುವುದು ಆ ಬದುಕಿನ ಭಾಗ. ಇವಕ್ಕೆ ಗಾಬರಿ ಬೇಡ. ನಿಜಕ್ಕೂ ನೋಡಬೇಕಾದ್ದು ಬೇರೆ: ಊರಿನಲ್ಲಿ ಅವಳು ಧೈರ್ಯವಾಗಿ ಬಾಗಿಲು ತಟ್ಟಬಹುದಾದ ಒಂದು ಮನೆಯಾದರೂ ಇದೆಯಾ? ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ವಾಸಿಯಾಗದ ಗಾಯ, ಬಿಟ್ಟು ಬಿಟ್ಟು ಬರುವ ಜ್ವರ ಇದೆಯಾ? ಯಾರದ್ದೋ ಹೆಸರು ಬಂದಾಗ ಮಾತು ಬದಲಿಸುತ್ತಾಳಾ? ನಗು ಇದೆಯಾ?

ಇಂಥದ್ದೇನಾದರೂ ಕಂಡರೆ ಕೇಳುವ ಜಾಗ ಒಲೆಯ ಮುಂದಲ್ಲ, ನಡೆಯುವ ದಾರಿ. ಅಕ್ಕಪಕ್ಕ ನಡೆಯುವಾಗ, ಮುಖ ನೋಡುವ ಬಲವಂತವಿಲ್ಲದಾಗ ಮಕ್ಕಳು ಜಾಸ್ತಿ ಹೇಳುತ್ತಾರೆ. ‘ಮನೆಗೆ ಬಂದ್ಬಿಡು’ ಅಂತ ಶುರುಮಾಡಿದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ‘ನಿನಗೆ ಏನಾದ್ರೆ ಅನುಕೂಲ?’ ಅಂತ ಕೇಳಿ, ಉತ್ತರಕ್ಕೆ ಕಾಯಿರಿ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಸಂಸ್ಥೆಯೊಡನೆ ನೀವೇ ಮಾತಾಡಿ, ಅದನ್ನೂ ಅವಳಿಗೆ ಹೇಳಿಯೇ ಮಾಡಿ. ಉಳಿದ ತೀರ್ಮಾನಗಳೆಲ್ಲ ಅವಳದ್ದು.

9. ಇಳಿದು ಬರುವಾಗ

ಹೊರಡುವ ದಿನವನ್ನು ಮೊದಲೇ ಎಲ್ಲರಿಗೂ ಹೇಳಿರಿ. ಕೊನೆಯ ಸಂಜೆ ‘ಇನ್ನೆರಡು ದಿನ ಇದ್ದುಬಿಡ್ತೀವಿ’ ಅನ್ನಬೇಡಿ. ನೀವು ಹೊರಟ ಮೇಲೆ ಮಾಡಬೇಕಾದ ಕೆಲಸಗಳನ್ನು ಮನೆಯವರು ಮುಂದೂಡಿಟ್ಟಿರುತ್ತಾರೆ. ಬೆಚ್ಚನೆ ಹೊದಿಕೆ, ಟಾರ್ಚ್, ಉಳಿದ ಓಆರ್‌ಎಸ್ ಇವನ್ನು ಬಿಟ್ಟು ಬರಬಹುದು, ಅವಳು ಬೇಕು ಅಂದರೆ. ನಿಮ್ಮ ಮಾತ್ರೆಗಳನ್ನು ಊರಿನವರಿಗೆ ಹಂಚಿ ಬರಬೇಡಿ. ಯಾರಿಗೆ ಯಾವುದು ಆಗದು ಅಂತ ನಿಮಗೆ ಗೊತ್ತಿಲ್ಲ.

ಇಳಿಯುವ ದಾರಿಗೆ ಎರಡು ಊರುಗೋಲು, ಚಿಕ್ಕ ಹೆಜ್ಜೆ. ಉಗುರು ಹಿಂದಿನ ದಿನವೇ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಶೂಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಶೂ ದಾರವನ್ನು ಹಿಮ್ಮಡಿ ಅಲುಗದ ಹಾಗೆ ಬಿಗಿದು ಕಟ್ಟಿ.

ಮನೆಗೆ ಬಂದ ಮೇಲೆ ಕೆಲವು ವಾರಗಳಲ್ಲಿ ಜ್ವರ, ಬಿಡದ ಭೇದಿ, ಮೈಮೇಲೆ ದದ್ದು ಕಾಣಿಸಿಕೊಂಡರೆ ವೈದ್ಯರ ಹತ್ತಿರ ಹೋಗಿ ಮೊದಲ ಮಾತಿನಲ್ಲೇ ಎಲ್ಲಿಗೆ, ಯಾವಾಗ ಹೋಗಿದ್ದಿರಿ ಅಂತ ಹೇಳಿ. ಅವರು ಕೇಳದಿದ್ದರೂ ಹೇಳಿ. ಅದೇ ಲಕ್ಷಣ ಮಗಳಿಗೂ ಇದೆಯಾ ಅಂತ ಒಂದು ಮೆಸೇಜ್ ಹಾಕಿ ಕೇಳಿ. ಒಂದೇ ಬಿಂದಿಗೆಯ ನೀರು ಕುಡಿದಿದ್ದೀರಲ್ಲ.